ಕಡಲ ನಡುವಿನ ಬಿಸಿಲ ದೀಪ

ಮಂಗಳೂರಿನ ಹಳೆ ಬಂದರಿನ ದಕ್ಕೆಗೆ ಹೋದವರು ಅಲ್ಲಿ ಸಾಲಾಗಿ ನಿಂತ ಮಂಜಿಗಳನ್ನು ನೋಡಿರಬಹುದು. ಅಕ್ಕಿ, ನೀರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ಹೀಗೆ ಒಂದು ಊರಿಗೆ ಬೇಕಾದುದನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡು ಅವು ಪಶ್ಚಿಮದ ಕಡೆಗೆ ಹೊರಡುತ್ತವೆ. ಅವು ತಲುಪುವ ಊರಿಗೆ ಲಕ್ಷದ್ವೀಪ ಎಂದು ಹೆಸರು.

ಈ ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡಮತ್ತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಐದು ದ್ವೀಪಗಳು 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರಲ್ಲಿ ಸುಲ್ತಾನರು ಹುತಾತ್ಮರಾದ ಬಳಿಕ ಅವು ಬ್ರಿಟಿಷರ ಪಾಲಾದವು. 1956ರಲ್ಲಿ ಲಕ್ಷದ್ವೀಪವು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಈ ದ್ವೀಪಗಳ ಕಚೇರಿ ವ್ಯವಹಾರವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯೊಂದಿಗೇ ನಡೆಯುತ್ತಿತ್ತು. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹಗ್ಗ ಹಾಯಿ ಕಟ್ಟಿದ ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಅದರ ಬದಲಿಗೆ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಅಲ್ಲಿಯ ಹೆಂಗಸಿನ ಕೈಯ ಹಗ್ಗ, ಇಲ್ಲಿಯ ಗದ್ದೆಯ ಅಕ್ಕಿ. ಒಂದು ಇನ್ನೊಂದರ ಹಸಿವನ್ನು ತಣಿಸಿದ ಕಥೆ ಅದು.

ಆ ನೆಲವನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಹೊರಗಿನವರು ಅಲ್ಲಿಗೆ ಹೋಗಲು ಪರವಾನಗಿ ಬೇಕು. ಬಂದರಿನಲ್ಲಿ ವ್ಯಾಪಾರ ಮಾಡುವ, ನಮ್ಮ ಮನೆಯವರ ಗೆಳೆಯರೊಬ್ಬರ ಪರಿಚಯದಿಂದ ಕವರತ್ತಿಯ ಒಂದು ಕುಟುಂಬ ನಮ್ಮಿಬ್ಬರಿಗೆ ಜವಾಬುದಾರಿ ನಿಂತಿತು. ಹೀಗೆ 2025ರ ಜನವರಿಯಲ್ಲಿ ಕೊಚ್ಚಿಯಿಂದ ಹಡಗು ಹತ್ತಿದೆವು. ಕಡಲನ್ನು ನೋಡಲು ಹೋದ ನಾನು, ಅಲ್ಲಿಂದ ಬರುವಾಗ ಕರೆಂಟಿನ ಬಗ್ಗೆ ಯೋಚಿಸುತ್ತ ಬಂದೆ. ಅದೇಕೆಂದು ಓದುಗ ಸಹೋದರಿಯರಿಗೆ ಹೇಳುವುದೇ ಈ ಬರಹದ ಉದ್ದೇಶ.

ಅಂಗೈಯಗಲದ ನೆಲ

ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರ್. ಸಂಜೆಗೆ ದಡ ಕಣ್ಮರೆಯಾದರೆ ಮತ್ತೆ ಇಡೀ ರಾತ್ರಿ ನೀರು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ದೂರದಲ್ಲಿ ನೀರಿನ ಮೇಲೆ ಹಸಿರು ಗೆರೆಯೊಂದು ಎಳೆದಂತೆ ಕಂಡಿತು. ಹತ್ತಿರ ಹೋದಂತೆ ಆ ಗೆರೆ ತೆಂಗಿನ ತೋಪಾಯಿತು. ಗುಡ್ಡವಿಲ್ಲ, ಹೊಳೆಯಿಲ್ಲ. ನೆಲವು ಸಮುದ್ರದ ಮಟ್ಟಕ್ಕಿಂತ ಒಂದೆರಡು ಮೀಟರಿನಷ್ಟೇ ಎತ್ತರ. ಸುತ್ತಲೂ ಹವಳದ ದಂಡೆ, ಅದರೊಳಗೆ ತಿಳಿಹಸಿರು ಬಣ್ಣದ ಶಾಂತ ನೀರು. ದಂಡೆಯ ಆಚೆ ಕಡುನೀಲಿ ಕಡಲು. ಸುಬ್‌ಹಾನಲ್ಲಾಹ್ ಎನ್ನದೆ ಇರಲು ಸಾಧ್ಯವಿಲ್ಲ.

ಲಕ್ಷದ್ವೀಪದ ಎಲ್ಲ ದ್ವೀಪಗಳನ್ನೂ ಒಟ್ಟು ಸೇರಿಸಿದರೆ ಸಿಗುವ ನೆಲ 32 ಚದರ ಕಿಲೋಮೀಟರ್ ಮಾತ್ರ. ಜನವಾಸವಿರುವ ದ್ವೀಪಗಳು ಹತ್ತು. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರಕ್ಕಿಂತ ತುಸು ಹೆಚ್ಚು. ಅವರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು. ರಾಜಧಾನಿಯಾದ ಕವರತ್ತಿಯಲ್ಲಿ ಅಂದು ಹನ್ನೊಂದು ಸಾವಿರದಷ್ಟು ಜನರಿದ್ದರು. ಬಿತ್ರದಲ್ಲಿ ಇದ್ದವರು ಬರೇ 271 ಮಂದಿ. ನಮ್ಮ ಒಂದು ಮದುವೆಗೆ ಸೇರುವ ಜನರೂ ಅದಕ್ಕಿಂತ ಹೆಚ್ಚಿರುತ್ತಾರೆ!

ಆಡುವ ಮಾತು ಜೆಸೆರಿ ಎಂಬ ಮಲಯಾಳದ ಒಂದು ಬಗೆ. ಮಲಯಾಳ, ಬ್ಯಾರಿ ಬಲ್ಲವರಿಗೆ ಒಂದು ದಿನ ಕಿವಿಗೊಟ್ಟರೆ ಅರ್ಥವಾಗತೊಡಗುತ್ತದೆ. ಕವರತ್ತಿಯಲ್ಲಿ ಹೆಜ್ಜೆಗೊಂದು ಪಳ್ಳಿ. ಅವುಗಳಲ್ಲಿ ಉಜ್ರಾ ಪಳ್ಳಿ ಹದಿನೇಳನೇ ಶತಮಾನದ್ದು. ಅದರ ಮರದ ಕೆತ್ತನೆಯನ್ನು ನೋಡುವಾಗ ಒಂದು ಸಂಗತಿ ಮನಸ್ಸಿಗೆ ಬಂತು. ಈ ಕೆತ್ತನೆಯನ್ನು ಮೂರು ಶತಮಾನಗಳಷ್ಟು ಕಾಲ ಜನರು ಇಶಾ ನಮಾಝಿನ ಹೊತ್ತಿಗೆ ತೆಂಗಿನೆಣ್ಣೆಯ ದೀಪದ ಬೆಳಕಿನಲ್ಲಿ ಮಾತ್ರ ನೋಡಿರಬೇಕಲ್ಲವೇ?

ಹಡಗಿಗೆ ಮೊದಲು, ಮನೆಗೆ ಆಮೇಲೆ

ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ದ್ವೀಪದಲ್ಲಿ ಬ್ರಿಟಿಷರು ಕಟ್ಟಿಸಿದ ದೊಡ್ಡ ದೀಪಸ್ತಂಭವಿದೆ. ಅದು ಬೆಳಗಿದ್ದು 1885ರಲ್ಲಿ. ದೂರ ದೇಶಗಳಿಗೆ ಹೋಗುವ ಹಡಗುಗಳು ಹವಳದ ದಂಡೆಗೆ ಬಡಿಯಬಾರದೆಂದು ಆ ದೀಪ. ಆದರೆ ಅದರ ಬುಡದಲ್ಲೇ ಇದ್ದ ಮನೆಗಳಿಗೆ ಕರೆಂಟು ಬಂದದ್ದು 1962ರಲ್ಲಿ. ಅಂದರೆ ದಾರಿಹೋಕ ಹಡಗುಗಳಿಗೆ ಬೆಳಕು ಸಿಕ್ಕಿ 77 ವರ್ಷಗಳಾದ ಮೇಲೆ ಆ ನೆಲದ ಮಕ್ಕಳಿಗೆ ಓದಲು ಬೆಳಕು ಸಿಕ್ಕಿತು. ಲಕ್ಷದ್ವೀಪದಲ್ಲಿ ಮೊದಲು ಕರೆಂಟು ಕಂಡ ದ್ವೀಪವೂ ಮಿನಿಕಾಯ್ ಆಗಿದೆ. 1964ರಲ್ಲಿ ಕವರತ್ತಿಗೆ ಬಂತು. ಉಳಿದ ದ್ವೀಪಗಳಿಗೆ ಒಂದೊಂದಾಗಿ ತಲುಪಿ, ಪುಟ್ಟ ಬಿತ್ರದಲ್ಲಿ ದೀಪ ಉರಿಯುವಾಗ 1982 ಆಗಿತ್ತು.

ಆ ಕರೆಂಟು ಎಲ್ಲಿಂದ? ನಮ್ಮೂರಿನಂತೆ ಜಲಾಶಯದಿಂದಲೋ ದೂರದ ಸ್ಥಾವರದಿಂದಲೋ ಕಂಬದ ಮೇಲೆ ಬಂದದ್ದಲ್ಲ. ನಾನೂರು ಕಿಲೋಮೀಟರ್ ಕಡಲನ್ನು ಯಾವ ಕಂಬವೂ ದಾಟುವುದಿಲ್ಲ. ಪ್ರತಿ ದ್ವೀಪಕ್ಕೂ ಅದರದ್ದೇ ಪವರ್ ಹೌಸ್, ಅದರೊಳಗೆ ಡೀಸೆಲ್ ಜನರೇಟರ್. ಹತ್ತು ದ್ವೀಪಗಳೆಂದರೆ ಹತ್ತು ಬೇರೆ ಬೇರೆ ವಿದ್ಯುತ್ ಜಾಲಗಳು. ಒಂದು ದ್ವೀಪದ ಯಂತ್ರ ಕೆಟ್ಟರೆ ಪಕ್ಕದ ದ್ವೀಪದಿಂದ ಒಂದು ಯೂನಿಟ್ಟನ್ನೂ ಸಾಲ ಕೇಳುವಂತಿಲ್ಲ.

ಡೀಸೆಲ್ ಎಂಬುದು ದ್ವೀಪದಲ್ಲಿ ಹುಟ್ಟುವ ವಸ್ತುವಲ್ಲ. ಕಡಲಾಚೆಯಿಂದ ಬರಬೇಕು. ಒಂದು ಲೀಟರ್ ಡೀಸೆಲಿನಿಂದ ಜನರೇಟರ್ ಸುಮಾರು ಮೂರರಿಂದ ಮೂರೂವರೆ ಯೂನಿಟ್ ವಿದ್ಯುತ್ ಕೊಡುತ್ತದೆ. 200 ಲೀಟರಿನ ಒಂದು ಬ್ಯಾರೆಲ್ ಎಂದರೆ ಆರುನೂರರಿಂದ ಏಳುನೂರು ಯೂನಿಟ್. ದಿನಕ್ಕೆ ಐದು ಯೂನಿಟ್ ಉರಿಸುವ ಒಂದು ಸಾಧಾರಣ ಮನೆ ನಾಲ್ಕು ತಿಂಗಳಲ್ಲಿ ಒಂದು ಬ್ಯಾರೆಲ್ ಮುಗಿಸಿಬಿಡುತ್ತದೆ. ನಾವು ಸ್ವಿಚ್ ಒತ್ತುವಾಗ ಬ್ಯಾರೆಲ್ ಕಣ್ಣಿಗೆ ಕಾಣುವುದಿಲ್ಲ. ದ್ವೀಪದಲ್ಲಿ ಅದು ಕಾಣುತ್ತದೆ. ಈ ವಿದ್ಯುತ್ತನ್ನು ತಯಾರಿಸಲು ತಗಲುವ ಖರ್ಚು ಬಳಕೆದಾರರು ಕೊಡುವ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಿಕ್ಕಿದ್ದನ್ನು ಸರಕಾರ ತುಂಬುತ್ತದೆ. ಹೊಗೆ, ಸದ್ದು ಬೇರೆ. ಎಣ್ಣೆ ನೆಲಕ್ಕೆ ಸೋರಿದರೆ ಅದು ಇಳಿಯುವುದು ಕುಡಿಯುವ ನೀರಿಗೆ.

ಬಿಸಿಲು ಅವರಿಗೆ ಹೊಸದಲ್ಲ

ಕವರತ್ತಿಯ ಓಣಿಗಳಲ್ಲಿ ನಡೆದರೆ ಅಂಗಳದಲ್ಲಿ ಕೊಬ್ಬರಿ ಒಣಗುತ್ತಿರುತ್ತದೆ. ಟ್ಯೂನಾ ಎನ್ನುವ ಚೂರೆ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ ಮರದ ತುಂಡಿನಂತೆ ಗಟ್ಟಿ ಮಾಡಿದರೆ ಅದು ಮಾಸ್. ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಎಂಬ ಹೆಸರು ಕೇಳದ ಕಾಲದಲ್ಲಿ ಬಿಸಿಲೇ ಅವರ ಉಗ್ರಾಣವಾಗಿತ್ತು. ಈಗ ಅದೇ ಬಿಸಿಲಿನಿಂದ ದೀಪ ಉರಿಸುವ ಕೆಲಸ ನಡೆದಿದೆ.

ಲಕ್ಷದ್ವೀಪದಲ್ಲಿ ಸೌರ ಫಲಕಗಳು ಹೊಸತಾಗಿ ಬಂದುವಲ್ಲ. ಹಲವು ವರ್ಷಗಳ ಹಿಂದೆಯೇ ಬೇರೆ ಬೇರೆ ದ್ವೀಪಗಳಲ್ಲಿ ಸಣ್ಣ ಸ್ಥಾವರಗಳನ್ನು ಹಾಕಲಾಗಿತ್ತು. 2024ರ ಜನವರಿ 3ರಂದು ಕವರತ್ತಿಯ ಸೌರ ಸ್ಥಾವರವನ್ನು ಪ್ರಧಾನಮಂತ್ರಿಯವರು ರಾಷ್ಟ್ರಕ್ಕೆ ಸಮರ್ಪಿಸಿದರು. ಬ್ಯಾಟರಿಯ ಆಸರೆಯಿರುವ ಸೌರ ಯೋಜನೆ ಲಕ್ಷದ್ವೀಪದಲ್ಲಿ ಅದೇ ಮೊದಲನೆಯದು.

ಬ್ಯಾಟರಿ ಏಕೆ ಅಷ್ಟು ಮುಖ್ಯ? ಇದನ್ನು ಅಡುಗೆ ಮನೆಯ ಮಾತಿನಲ್ಲೇ ಹೇಳುತ್ತೇನೆ. ಮದುವೆ ಮನೆಯ ದೊಡ್ಡ ಒಲೆಯಲ್ಲಿ ಒಂದು ಲೋಟ ಚಹಾ ಕಾಯಿಸಿದರೆ ಏನಾಗುತ್ತದೆ? ಸೌದೆ ಹಾಳು, ಹೊಗೆ ಜಾಸ್ತಿ. ಡೀಸೆಲ್ ಜನರೇಟರ್ ಕೂಡ ಹಾಗೆಯೇ. ಅದರ ಸಾಮರ್ಥ್ಯದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕೆಲಸ ಕೊಟ್ಟರೆ ಎಣ್ಣೆ ಸರಿಯಾಗಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ. ಮಧ್ಯಾಹ್ನ ಬಿಸಿಲು ಜೋರಾಗಿ ಫಲಕಗಳು ಹೆಚ್ಚು ವಿದ್ಯುತ್ ಕೊಟ್ಟಾಗ ಜನರೇಟರಿಗೆ ಕೆಲಸ ಕಡಿಮೆಯಾಗುತ್ತದೆ. ಆದರೂ ಅದನ್ನು ಆರಿಸುವಂತಿಲ್ಲ. ಏಕೆಂದರೆ ಒಂದು ಮೋಡ ಅಡ್ಡ ಬಂದರೆ ಊರಿಡೀ ಕತ್ತಲಾಗುತ್ತದೆ. ಬ್ಯಾಟರಿ ಇದ್ದರೆ ಮೋಡ ಸರಿಯುವವರೆಗೆ ಅದು ತೋಳು ಕೊಡುತ್ತದೆ. ಹಗಲಿನಲ್ಲಿ ಮಿಕ್ಕಿದ್ದನ್ನು ಮಗ್ರಿಬ್ ಆದ ಮೇಲಿನ ಹೊತ್ತಿಗೆ ಎತ್ತಿಡುತ್ತದೆ. ಮನೆಗಳಲ್ಲಿ ಎಲ್ಲ ದೀಪಗಳೂ ಫ್ಯಾನುಗಳೂ ಒಟ್ಟಿಗೇ ಬೇಕಾಗುವುದು ಆ ಹೊತ್ತಿನಲ್ಲಿಯೇ ತಾನೇ?

ಶುಕ್ರವಾರದ ಸೊತ್ತು, ಸೋಮವಾರದ ಸೊತ್ತು

ನಾವು ಉಳಿದುಕೊಂಡ ಮನೆಯ ಯಜಮಾನಿ ಎಪ್ಪತ್ತು ದಾಟಿದ ಒಬ್ಬ ಉಮ್ಮ. ‘ಯಜಮಾನಿ’ ಎಂದು ಬಾಯಿಮಾತಿಗೆ ಹೇಳಿದ್ದಲ್ಲ. ಲಕ್ಷದ್ವೀಪದಲ್ಲಿ ಹಿಂದಿನಿಂದಲೂ ತರವಾಡು ಮನೆ ತಾಯಿಯ ಕಡೆಯಿಂದ ಬರುತ್ತದೆ. ಮದುವೆಯಾದರೆ ಹೆಣ್ಣು ಮನೆ ಬಿಟ್ಟು ಹೋಗುವುದಿಲ್ಲ, ಗಂಡನೇ ಹೆಣ್ಣಿನ ಮನೆಗೆ ಬರುತ್ತಾನೆ. ಸೊತ್ತಿನಲ್ಲಿ ಎರಡು ಬಗೆ. ತರವಾಡಿಗೆ ಸೇರಿದ್ದನ್ನು ಶುಕ್ರವಾರದ ಸೊತ್ತು ಎನ್ನುತ್ತಾರೆ, ಅದು ಹೆಣ್ಣಿನ ಸಾಲಿನಲ್ಲಿ ಸಾಗುತ್ತದೆ. ಒಬ್ಬರು ಸ್ವಂತ ದುಡಿದು ಗಳಿಸಿದ್ದು ಸೋಮವಾರದ ಸೊತ್ತು, ಅದನ್ನು ಶರೀಅತ್ತಿನ ಪ್ರಕಾರ ಪಾಲು ಮಾಡುತ್ತಾರೆ. ಪದ್ಧತಿ ಮತ್ತು ಶರೀಅತ್ತು ಒಂದೇ ಅಂಗಳದಲ್ಲಿ ಎರಡು ವಾರಗಳ ಹೆಸರಿನಲ್ಲಿ ಬದುಕಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು.

ಉಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವಿ ತೋರಿಸಿದರು. ಹಗ್ಗ ಬೇಡದಷ್ಟು ಮೇಲೆ ನೀರು.

“ಟೀಚರೇ, ಇದರ ನೀರು ಮೊದಲು ಎಳನೀರಿನ ಹಾಗಿತ್ತು. ಪಂಪು ಬಂದ ಮೇಲೆ ಉಪ್ಪಾಯಿತು” ಎಂದರು.

ಇದಕ್ಕೆ ಕಾರಣವಿದೆ. ಹವಳದ ದ್ವೀಪದಲ್ಲಿ ಮಳೆಯ ಸಿಹಿನೀರು ಮರಳಿನಲ್ಲಿ ಇಳಿದು, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಕೈಯಲ್ಲಿ ಸೇದಿದರೆ ಆ ಪದರ ಕದಡುವುದಿಲ್ಲ. ಮೋಟಾರು ಹಾಕಿ ಎಳೆದರೆ ಸಿಹಿನೀರು ಮುಗಿದು ಕೆಳಗಿನ ಉಪ್ಪು ಮೇಲೇರುತ್ತದೆ. ಅಂದರೆ ಕರೆಂಟು ಹೆಂಗಸರ ಕೈಗೆ ವಿರಾಮ ಕೊಟ್ಟಿತು, ಅದೇ ಹೊತ್ತಿಗೆ ಬಾವಿಯ ರುಚಿಯನ್ನೂ ಕಸಿದುಕೊಂಡಿತು.

ಹೀಗೆ ಉಪ್ಪಾದ ನೀರಿಗೆ ಪರಿಹಾರವೂ ಕರೆಂಟಿನಿಂದಲೇ ಬರಬೇಕಾಯಿತು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರವನ್ನು ಕಟ್ಟಿತು. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಸಾಮರ್ಥ್ಯ. ಮೇಲಿನ ಬೆಚ್ಚಗಿನ ಕಡಲನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿ ಮಾಡುತ್ತಾರೆ. ನಂತರ 350 ಮೀಟರಿಗೂ ಹೆಚ್ಚು ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ಸಿಹಿನೀರು ಪಡೆಯುತ್ತಾರೆ. ಬೆಂಕಿ ಬೇಡ, ಆದರೆ ಪಂಪಿಗೆ ಕರೆಂಟು ಬೇಕು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಯಲ್ಲೂ ಇಂಥ ಸ್ಥಾವರಗಳು ಆರಂಭವಾದವು. ಹಾಗಾಗಿ ದ್ವೀಪದಲ್ಲಿ ಡೀಸೆಲ್ ತಪ್ಪಿದರೆ ಬರೇ ದೀಪ ಆರುವುದಲ್ಲ, ಕೊಡವೂ ಬರಿದಾಗುತ್ತದೆ. ಅಲ್ಲಿ ಬೆಳಕು ಮತ್ತು ನೀರು ಬೇರೆ ಬೇರೆಯಲ್ಲ.

ಈ ಲೆಕ್ಕದಲ್ಲಿ ಮನೆಯ ಮಾಡಿನ ಮೇಲೆ ಫಲಕ ಹಾಕುವುದಕ್ಕೆ ದೊಡ್ಡ ಬೆಲೆಯಿದೆ. ಒಂದು ಕಿಲೋವ್ಯಾಟ್ ಫಲಕಕ್ಕೆ ಹತ್ತು ಚದರ ಮೀಟರಿನಷ್ಟು ಜಾಗ ಸಾಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಹಾಕಿದ ಮನೆಯೊಂದು ದಿನಕ್ಕೆ ಮೂರೂವರೆ ಲೀಟರ್ ಡೀಸೆಲಾದರೂ ಉಳಿಸಬಲ್ಲದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ ನಮ್ಮಲ್ಲಿ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾದರೆ, ದ್ವೀಪಗಳಿಗೆ 85,800 ರೂಪಾಯಿ ನಿಗದಿಯಾಯಿತು.

ನೆಲದಲ್ಲಿ ದೊಡ್ಡ ಸ್ಥಾವರ ಕಟ್ಟಿದರೇನು ಎಂದು ಕೇಳಬಹುದು. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬಯಲು ಬೇಕು. ನಾಲ್ಕು ಚದರ ಕಿಲೋಮೀಟರ್ ಚಿಲ್ಲರೆಯ ಕವರತ್ತಿಯಲ್ಲಿ ಬಯಲು ಎಲ್ಲಿದೆ? ತೆಂಗು ಕಡಿಯಬೇಕು. ಅಲ್ಲಿ ಒಂದು ತೆಂಗೆಂದರೆ ಒಂದು ಕುಟುಂಬದ ಎಣ್ಣೆ, ಬೆಲ್ಲ, ಹಗ್ಗ, ಸೂರು ಎಲ್ಲವೂ ಆಗಿದೆ. ಒಳಗಡಲಿನ ನೀರ ಮೇಲೆ ತೇಲಿಸೋಣವೆಂದರೆ ಅಡಿಯಲ್ಲಿರುವ ಹವಳವೂ ಕಡಲಹುಲ್ಲೂ ಬಿಸಿಲನ್ನು ನಂಬಿ ಬದುಕುವಂಥವು. ಆದ್ದರಿಂದ ಮನೆಯ ಮಾಡು, ಶಾಲೆಯ ಮಾಡು, ಪಳ್ಳಿಯ ಮಾಡುಗಳೇ ಮೊದಲು ನೆನಪಾಗಬೇಕಾದ ಜಾಗಗಳು.

ಯಾರು ಮಾಡು ಹತ್ತುವರು?

ಬಿಸಿಲು ಪುಕ್ಕಟೆ, ನಿಜ. ಆದರೆ ಫಲಕದ ಆರೈಕೆ ಪುಕ್ಕಟೆಯಲ್ಲ. ಕಡಲಗಾಳಿಯ ಉಪ್ಪು ತಗಡನ್ನೂ ನಟ್ಟು ಬೋಲ್ಟನ್ನೂ ತಿನ್ನುತ್ತದೆ. ಫಲಕದ ಗಾಜಿನ ಮೇಲೆ ಉಪ್ಪಿನ ಪೊರೆ, ಹಕ್ಕಿಯ ಹಿಕ್ಕೆ, ತೆಂಗಿನ ಗರಿ ಬಿದ್ದರೆ ವಿದ್ಯುತ್ ಇಳಿಯುತ್ತದೆ. ಬ್ಯಾಟರಿಗೆ ಆಯುಷ್ಯವಿದೆ. ಬಿಸಿಲ ಕರೆಂಟನ್ನು ಮನೆಯ ಕರೆಂಟಾಗಿ ಮಾರ್ಪಡಿಸುವ ಇನ್ವರ್ಟರ್ ಕೆಟ್ಟರೆ ಇಡೀ ಮಾಡು ಇದ್ದೂ ಇಲ್ಲದಂತೆ. ಮಂಗಳೂರಿನಲ್ಲಾದರೆ ಫೋನು ಮಾಡಿದ ಸಂಜೆಗೆ ಮೆಕ್ಯಾನಿಕ್ ಬಂದಾನು. ದ್ವೀಪಕ್ಕೆ ಅವನು ಬರಬೇಕಾದರೆ ಹಡಗು, ಟಿಕೇಟು, ಪರವಾನಗಿ, ಹವಾಮಾನ ನಾಲ್ಕೂ ಒಲಿಯಬೇಕು. ಒಂದು ಸಣ್ಣ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾಗಬಹುದು. ಉಷ್ಣವಲಯದ ಪುಟ್ಟ ದ್ವೀಪಗಳಲ್ಲಿ ಸೌರ ಯೋಜನೆಗಳು ಸೋಲುವುದು ಬಿಸಿಲಿನ ಕೊರತೆಯಿಂದಲ್ಲ, ಕೆಟ್ಟದ್ದನ್ನು ಸರಿಪಡಿಸುವ ಕೈ ಅಲ್ಲೇ ಇಲ್ಲದಿರುವುದರಿಂದ.

ಉಮ್ಮನ ಮನೆಯಲ್ಲಿ ಈ ಪ್ರಶ್ನೆ ಮನೆಮಾತೇ ಆಗಿತ್ತು. ಮಗಳ ಮಗಳು ಹನ್ನೆರಡನೇ ತರಗತಿಯಲ್ಲಿದ್ದಳು. ಮುಂದೆ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಬೇಕೆಂದು ಅವಳ ಹಟ. ಹುಡುಗಿಗೆ ಏಕೆ ಕಂಬದ ಕೆಲಸ, ಟೀಚರ್ ಆಗಲಿ ಎಂದು ಮಾವಂದಿರ ವಾದ. ಅವರು ನನ್ನ ಬೆಂಬಲ ಸಿಗಬಹುದೆಂದು ಕೇಳಿದರು.

“ನೀವು ಮದ್ರಸದಲ್ಲಿ ಓದಿದವರು, ಶಾಲೆಯಲ್ಲೂ ಕಲಿಸುವವರು. ನೀವೇ ಹೇಳಿ ಟೀಚರೇ, ಹೆಣ್ಣುಮಕ್ಕಳು ಮಾಡು ಹತ್ತಿದರೆ ಚಂದವೇ?”

ನಾನು ಬಾಯಿ ತೆರೆಯುವ ಮೊದಲೇ ಉಮ್ಮ ಉತ್ತರ ಕೊಟ್ಟರು. “ಮಾಡು ಯಾರದ್ದು? ಅವಳದ್ದೇ ತಾನೇ? ನಾವು ಕಡಲ ದಡದಲ್ಲಿ ಸೊಂಟದವರೆಗೆ ಹೊಂಡಕ್ಕಿಳಿದು ಕೊಳೆತ ಸಿಪ್ಪೆ ತೆಗೆದು, ಬಡಿದು, ನಾರು ಹೊಸೆದವರು. ಆ ಹಗ್ಗ ಮಾರಿ ನಿಮಗೆ ಅನ್ನ ಹಾಕುವಾಗ ಯಾರೂ ಚಂದ ನೋಡಲಿಲ್ಲ.”

ಮಾವಂದಿರು ನಗುತ್ತ ಎದ್ದು ಹೋದರು. ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು: ಫರ್ಳ್ ಐನ್ ಎಂದರೆ ಪ್ರತಿಯೊಬ್ಬರ ಮೇಲೂ ಇರುವ ಕಡ್ಡಾಯ. ಫರ್ಳ್ ಕಿಫಾಯ ಎಂದರೆ ಸಮುದಾಯದ ಮೇಲಿರುವ ಕಡ್ಡಾಯ, ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಊರಿಗೆ ಬೇಕಾದ ಕಸುಬುಗಳನ್ನು ನಮ್ಮ ಉಲಮಾಗಳು ಈ ಎರಡನೆಯ ಸಾಲಿನಲ್ಲಿ ಎಣಿಸಿದ್ದಾರೆ. ನಾಲ್ಕೂ ಕಡೆ ಕಡಲಿರುವ ಊರಿನಲ್ಲಿ ದೀಪವನ್ನೂ ನೀರನ್ನೂ ನಿಲ್ಲದಂತೆ ನೋಡಿಕೊಳ್ಳುವ ವಿದ್ಯೆ ಆ ಸಾಲಿಗೆ ಸೇರದಿದ್ದರೆ ಇನ್ನಾವುದು ಸೇರೀತು?

ಇದು ನಡೆಯದ ಮಾತೇನಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಬಂಕರ್ ರಾಯ್ ಅವರು ಕಟ್ಟಿದ ಬೇರ್‌ಫುಟ್ ಕಾಲೇಜಿನಲ್ಲಿ ಅಕ್ಷರ ಬಾರದ ಅಜ್ಜಿಯಂದಿರೂ ಸೌರ ಸಲಕರಣೆಗಳನ್ನು ಜೋಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿತಿದ್ದಾರೆ. ಆಫ್ರಿಕಾದಿಂದ, ಶಾಂತಸಾಗರದ ದ್ವೀಪಗಳಿಂದ ಬಂದ ಹೆಂಗಸರು ಭಾಷೆ ತಿಳಿಯದಿದ್ದರೂ ಬಣ್ಣ ಮತ್ತು ಸನ್ನೆಗಳ ಮೂಲಕ ಆರು ತಿಂಗಳಲ್ಲಿ ಕಲಿತು ತಮ್ಮೂರಿಗೆ ಮರಳಿ ದೀಪ ಹಚ್ಚಿದ್ದಾರೆ. ನೆರೆಯ ಬಾಂಗ್ಲಾದೇಶದಲ್ಲಿ 2003ರಿಂದ ನಡೆದ ಯೋಜನೆಯಲ್ಲಿ 40 ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮನೆಗಳಿಗೆ ಸೌರದೀಪ ತಲುಪಿತು. ಅಲ್ಲಿ ಗ್ರಾಮೀಣ ಶಕ್ತಿ ಎಂಬ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೆ ಈ ಕೆಲಸದ ತರಬೇತಿ ಕೊಟ್ಟಿತು.

ಬೇರೆ ದ್ವೀಪಗಳ ಪಾಠ

ಮಿನಿಕಾಯ್‌ನವರ ಮಾತು ಜೆಸೆರಿಯಲ್ಲ, ಮಹಲ್. ಅದು ಮಾಲ್ದೀವ್ಸ್‌ನ ದಿವೇಹಿ ಭಾಷೆಯದ್ದೇ ರೂಪ. ಅವರ ಆ ನೆಂಟರ ನಾಡಿನಲ್ಲಿ ಸುಮಾರು 1,200 ದ್ವೀಪಗಳು, ಜನವಾಸ ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಅಲ್ಲೂ ಅದೇ ಡೀಸೆಲ್. 2009ರಲ್ಲಿ ಅಂದಿನ ಅಧ್ಯಕ್ಷ ಮುಹಮ್ಮದ್ ನಶೀದ್ ಅವರು ಹತ್ತು ವರ್ಷಗಳಲ್ಲಿ ಈ ಹೊಗೆಯಿಂದ ಬಿಡುಗಡೆ ಹೊಂದುವುದಾಗಿ ಘೋಷಿಸಿದರು. ಅದೇ ವರ್ಷ ಅಕ್ಟೋಬರ್ 17ರಂದು ಕಡಲ ತಳದಲ್ಲಿ ಮಂತ್ರಿಮಂಡಲದ ಸಭೆ ನಡೆಸಿ, ಏರುತ್ತಿರುವ ಸಮುದ್ರದ ಕಡೆಗೆ ಜಗತ್ತಿನ ಕಣ್ಣು ತಿರುಗಿಸಿದರು. 2010ರಲ್ಲಿ ತಾವೇ ಅಧ್ಯಕ್ಷರ ನಿವಾಸದ ಮಾಡು ಹತ್ತಿ ಸೌರ ಫಲಕಗಳನ್ನು ಕೂರಿಸುವುದರಲ್ಲಿ ಕೈಜೋಡಿಸಿದರು. ಹತ್ತು ವರ್ಷಗಳ ಗಡುವು ಕಳೆದಾಗಲೂ ಅಲ್ಲಿಯ ವಿದ್ಯುತ್ತಿನ ಬಹುಪಾಲು ಡೀಸೆಲಿನಿಂದಲೇ ಬರುತ್ತಿತ್ತು. ಘೋಷಣೆ ಒಂದು ದಿನದ ಕೆಲಸ, ಆರೈಕೆ ದಿನದಿನದ ಕೆಲಸ.

ಶಾಂತಸಾಗರದಲ್ಲಿ ನ್ಯೂಜಿಲೆಂಡಿಗೆ ಸೇರಿದ ಟೊಕೆಲಾವ್ ಎಂಬ ಮೂರು ಹವಳದ್ವೀಪಗಳಿವೆ. ಜನಸಂಖ್ಯೆ ಒಂದೂವರೆ ಸಾವಿರದಷ್ಟು, ವಿಮಾನ ನಿಲ್ದಾಣವಿಲ್ಲ, ಸಮೋವದಿಂದ ಹಡಗಿನಲ್ಲೇ ಹೋಗಬೇಕು. 2012ರಲ್ಲಿ ಆ ಮೂರು ದ್ವೀಪಗಳಲ್ಲಿ 4,032 ಫಲಕಗಳನ್ನೂ 1,344 ಬ್ಯಾಟರಿಗಳನ್ನೂ ಹಾಕಿ ಹೆಚ್ಚುಕಡಿಮೆ ಇಡೀ ವಿದ್ಯುತ್ತನ್ನು ಬಿಸಿಲಿನಿಂದಲೇ ಪಡೆಯಲಾಯಿತು. ವರ್ಷಕ್ಕೆ ಎರಡು ಸಾವಿರದಷ್ಟು ಬ್ಯಾರೆಲ್ ಡೀಸೆಲ್ ಹೊರುತ್ತಿದ್ದ ಜನರಿಗೆ ಅದು ಹಬ್ಬವೇ ಆಯಿತು. ಆದರೆ ಕರೆಂಟು ಸಿಕ್ಕಿತೆಂದು ಮನೆಮನೆಗೆ ಫ್ರೀಜರ್‌ಗಳು ಬಂದವು, ಬಳಕೆ ಏರಿತು, ಬ್ಯಾಟರಿಗಳು ಹಳತಾದವು, ಮತ್ತೆ ಹೊಸದಾಗಿ ಸೇರಿಸಬೇಕಾಯಿತು. ದ್ವೀಪದಲ್ಲಿ ಬಿಸಿಲಿಗೆ ಮಿತಿಯಿಲ್ಲದಿದ್ದರೂ ಬ್ಯಾಟರಿಗೆ ಮಿತಿಯಿದೆ.

ಮಳೆಗಾಲದ ಸತ್ಯ

ಇನ್ನೊಂದು ಕಷ್ಟವನ್ನೂ ಹೇಳಬೇಕು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಲಕ್ಷದ್ವೀಪದ ಕಡಲು ಕೆರಳಿರುತ್ತದೆ. ಮಂಜಿಗಳ ಸಂಚಾರ ನಿಲ್ಲುತ್ತದೆ. ದ್ವೀಪವು ಹೊರಲೋಕದಿಂದ ಹೆಚ್ಚು ದೂರವಾಗುವ ಆ ತಿಂಗಳುಗಳಲ್ಲೇ ಆಕಾಶದಲ್ಲಿ ಮೋಡ, ಬಿಸಿಲು ಕಡಿಮೆ. ಬ್ಯಾಟರಿ ಕೆಲವು ತಾಸುಗಳ ವಿದ್ಯುತ್ತನ್ನು ಎತ್ತಿಡಬಲ್ಲದು, ಇಡೀ ಮಳೆಗಾಲವನ್ನಲ್ಲ. ಆದ್ದರಿಂದ ಡೀಸೆಲ್ ಯಂತ್ರವನ್ನು ಪೂರ್ತಿ ಕೈಬಿಡಲು ಸದ್ಯಕ್ಕೆ ಆಗದು. ಆದರೆ ಬೇಸಗೆಯಿಡೀ ಬಿಸಿಲಿನಿಂದ ಬದುಕಿದರೆ ಮಳೆಗಾಲದ ದಾಸ್ತಾನು ತುಂಬಿ ಉಳಿಯುತ್ತದೆ. ದ್ವೀಪದ ಹೆಂಗಸರು ಬೇಸಗೆಯಲ್ಲಿ ಮಾಸ್ ಒಣಗಿಸಿ ಮಳೆಗಾಲಕ್ಕೆ ಎತ್ತಿಟ್ಟದ್ದೂ ಇದೇ ಬುದ್ಧಿಯಿಂದ.

ಈ ದ್ವೀಪಗಳ ಬದುಕು ಎಷ್ಟು ನಾಜೂಕಾದುದು ಎಂಬುದಕ್ಕೆ ಎರಡು ಸಂಗತಿಗಳು ಸಾಕು. ಬಂಗಾರಂ ಹವಳವೃತ್ತದಲ್ಲಿದ್ದ ಜನವಾಸವಿಲ್ಲದ ಪರಳಿ ಎಂಬ ಒಂದು ಪುಟ್ಟ ದ್ವೀಪ ಪೂರ್ತಿಯಾಗಿ ಸವೆದುಹೋಗಿದೆಯೆಂದು ಕ್ಯಾಲಿಕಟ್ ವಿಶ್ವವಿದ್ಯಾಲಯದ ಒಂದು ಸಂಶೋಧನೆಯಿಂದ 2017ರಲ್ಲಿ ತಿಳಿದುಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗಳನ್ನು ನಡುಗಿಸಿತು. ಜಗತ್ತನ್ನು ಬಿಸಿ ಮಾಡಿದ ಹೊಗೆಯಲ್ಲಿ ಈ 64 ಸಾವಿರ ಜನರ ಪಾಲು ಎಷ್ಟಿದ್ದೀತು? ಆದರೆ ಅದರ ಬೆಲೆ ತೆರುವವರಲ್ಲಿ ಇವರೇ ಮುಂದಿನ ಸಾಲಿನಲ್ಲಿದ್ದಾರೆ. ಪಕ್ಕದ ಬಂದರಿನ ನಾವು ಉರಿಸುವುದರಲ್ಲಿ ಉಳಿಸಿದರೆ ಅದು ಅವರಿಗೂ ಸಲ್ಲುವ ಉಪಕಾರ.

ಅಮಾನತ್ತಿನ ಬೆಳಕು

ಸೂರ್ಯನನ್ನೂ ಚಂದ್ರನನ್ನೂ ಮನುಷ್ಯನ ಉಪಯೋಗಕ್ಕಾಗಿ ಅಧೀನಗೊಳಿಸಿದ ಅನುಗ್ರಹವನ್ನು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನೆನಪಿಸುತ್ತದೆ. ಸೂರ್ಯನ ಹೆಸರಿನಲ್ಲೇ ಒಂದು ಸೂರಃ ಇದೆ. ನೀರು, ಮೇವು, ಬೆಂಕಿ ಇವುಗಳಲ್ಲಿ ಎಲ್ಲರಿಗೂ ಇರುವ ಹಕ್ಕನ್ನು ಫಿಕ್ಹ್‌ನ ಗ್ರಂಥಗಳು ಚರ್ಚಿಸುತ್ತವೆ. ಬಡವನ ಮಾಡಿಗೂ ಶ್ರೀಮಂತನ ಮಾಡಿಗೂ ಒಂದೇ ಅಳತೆಯಲ್ಲಿ ಬೀಳುವ ಬಿಸಿಲಿನಷ್ಟು ಎಲ್ಲರಿಗೂ ಸೇರಿದ ಬೆಂಕಿ ಇನ್ನೊಂದಿಲ್ಲ. ಆದರೆ ಹಕ್ಕಿನ ಜೊತೆಗೆ ಇಸ್ರಾಫ್ ಮಾಡಬಾರದೆಂಬ ಕಟ್ಟಳೆಯೂ ಇದೆ. ಹರಿಯುವ ಹೊಳೆಯ ಬಳಿ ವುಳೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು.

ಇದನ್ನು ನಾನು ಕವರತ್ತಿಯ ಒಂದು ಚಿಕ್ಕ ಅಭ್ಯಾಸದಲ್ಲಿ ಕಂಡೆ. ಉಮ್ಮನ ಮನೆಯಲ್ಲಿ ಕೋಣೆಯಿಂದ ಹೊರಬರುವ ಕೊನೆಯ ವ್ಯಕ್ತಿ, ಅದು ಐದು ವರ್ಷದ ಮಗುವಾದರೂ ಸರಿ, ಸ್ವಿಚ್ ಆರಿಸಿಯೇ ಬರುತ್ತಿತ್ತು. ನೀರನ್ನು ಬಕೆಟ್ಟಿನಲ್ಲಿ ಹಿಡಿದೇ ವುಳೂ. ಬಟ್ಟೆಗೆ ಇಸ್ತ್ರಿ ಹಾಕುವುದು, ಟಾಂಕಿಗೆ ನೀರು ಏರಿಸುವುದು ಬಿಸಿಲಿರುವ ಹೊತ್ತಿನಲ್ಲಿ. ಇದನ್ನು ಯಾರೂ ಅವರಿಗೆ ಭಾಷಣ ಮಾಡಿ ಹೇಳಿದ್ದಲ್ಲ. ಕಡಲ ನಡುವೆ ಹುಟ್ಟಿದವರಿಗೆ ಇರುವುದು ಎಷ್ಟು, ಮುಗಿದರೆ ಏನು ಎಂಬುದು ತಾಯಿಯ ಹಾಲಿನೊಂದಿಗೇ ಗೊತ್ತಿರುತ್ತದೆ.

ನಮ್ಮ ಮನೆಗಳಲ್ಲೂ ಇಂದು ಸೌರ ಫಲಕಗಳ ಮಾತು ನಡೆಯುತ್ತಿದೆ. ಹಾಕಿಸುವ ಮೊದಲು ಮೂರು ವಿಷಯಗಳನ್ನು ಕೇಳಿಕೊಳ್ಳೋಣ. ನಮಗೆ ನಿಜವಾಗಿ ದಿನಕ್ಕೆ ಎಷ್ಟು ಯೂನಿಟ್ ಬೇಕು? ಕೆಟ್ಟರೆ ಸರಿಪಡಿಸುವವರು ಹತ್ತಿರದಲ್ಲಿ ಯಾರಿದ್ದಾರೆ? ಮನೆಯ ಮಕ್ಕಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಇದನ್ನು ಕಲಿಯುವ ಆಸಕ್ತಿ ಯಾರಿಗಿದೆ? ಮದ್ರಸ, ಮಸೀದಿಗಳ ಜಮಾಅತ್‌ಗಳೂ ತಮ್ಮ ವಿಶಾಲವಾದ ತಾರಸಿಗಳನ್ನು ಒಮ್ಮೆ ನೋಡಿಕೊಳ್ಳಬಹುದು. ವಕ್ಫ್ ಆಸ್ತಿಯ ಮೇಲೆ ಬೀಳುವ ಬಿಸಿಲೂ ಒಂದು ಆದಾಯವೇ ಆಗಿದೆ.

ಊರಿಗೆ ಬಂದು ಕೆಲವು ತಿಂಗಳಾದ ಮೇಲೆ ಉಮ್ಮನ ಮನೆಯಿಂದ ಫೋನು ಬಂತು. ಹುಡುಗಿಗೆ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು, ಹಡಗಿಗೆ ಬಿಟ್ಟುಬರಲು ಹೋದದ್ದು ಅದೇ ಮಾವಂದಿರು. ಮೂರು ವರ್ಷ ಕಳೆದು ಅವಳು ಮರಳುವಾಗ ದ್ವೀಪದಲ್ಲಿ ಇನ್ನಷ್ಟು ಮಾಡುಗಳಿಗೆ ಫಲಕಗಳು ಬಂದಿರಬಹುದು. ಅವು ಕೆಡುವ ದಿನವೂ ಬರುತ್ತದೆ. ಆ ದಿನ ದ್ವೀಪದವರು ಕಡಲಾಚೆಯ ಮೆಕ್ಯಾನಿಕ್‌ಗೆ ಕಾಯದೆ, ಪಕ್ಕದ ಮನೆಯ ಬಾಗಿಲು ತಟ್ಟಿ “ಮೋಳೇ, ಒಮ್ಮೆ ಬಂದು ನೋಡುತ್ತೀಯಾ?” ಎಂದು ಕರೆಯುವಂತಾಗಲಿ. ಅಲ್ಲಾಹನು ಅವಳ ವಿದ್ಯೆಯಲ್ಲಿ ಬರಕತ್ತು ನೀಡಲಿ, ಆಮೀನ್.